ಬೆಂಗಳೂರಿನ ಕೋಟೆ, ಪೇಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆ.ಆರ್. ಮಾರ್ಕೆಟ್ ಸುತ್ತಮುತ್ತಲಿನ ಹಳೇ ಊರಿನ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಲವು ಊರು ನೋಡಲು ಬಂದವರು ಕೇಳುವಂಥವು, ಕೆಲವು ಶಾಲಾ ಮಕ್ಕಳವು, ಇನ್ನು ಕೆಲವು ಪೇಟೆಯಲ್ಲೇ ಮನೆ, ಮಳಿಗೆ ಇರುವವರವು. ಕಾನೂನಿನ ಉತ್ತರ ಓದಿಕೊಂಡು ನೇರವಾಗಿ ಮೇಸ್ತ್ರಿಯನ್ನು ಕರೆಯಬೇಡಿ. ನಿಮ್ಮ ಜಾಗದ ವಿಷಯವನ್ನು ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ.

ಕೋಟೆ ಬೇರೆ, ಪೇಟೆ ಬೇರೆನಾ?

ಹೌದು, ಬೇರೆ ಬೇರೆ. ಉತ್ತರಕ್ಕೆ ಪೇಟೆ, ದಕ್ಷಿಣಕ್ಕೆ ಕೋಟೆ. ಪೇಟೆ ವ್ಯಾಪಾರಿಗಳು, ನೇಕಾರರು, ಗಾಣಿಗರು, ಕುಂಬಾರರು ಇದ್ದ ಊರು. ಅದರ ಸುತ್ತಲೂ ಮಣ್ಣಿನ ಗೋಡೆ, ಕಂದಕ, ಮುಳ್ಳುಬೇಲಿ ಇತ್ತು. ಕೋಟೆ ಸೈನ್ಯ ಮತ್ತು ಆಡಳಿತದವರ ಜಾಗ. ಈಗಿನ ಮಾರ್ಕೆಟ್ ಹೆಚ್ಚುಕಡಿಮೆ ಎರಡರ ನಡುವೆ ಬರುತ್ತದೆ. ಅಲ್ಲಿ ಹಿಂದೆ ಸಿದ್ಧಿಕಟ್ಟೆ ಕೆರೆ ಇತ್ತು.

ಪೇಟೆಯೊಳಗೆ ಎರಡು ಮುಖ್ಯ ಬೀದಿಗಳು: ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಎರಡೂ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿ ಕೆಂಪೇಗೌಡರು ಊರು ಗುರುತಿಸಿದರು ಅಂತ ಕತೆಯಿದೆ. ಕತೆ ಏನೇ ಇರಲಿ, ಬೀದಿಗಳ ಆ ಅಡ್ಡ ಉದ್ದ ಇನ್ನೂ ಹಾಗೇ ಇದೆ. ಪೇಟೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ಅಂದರೆ ನಾವು ಕಟ್ಟಡಕ್ಕಿಂತ ಮೊದಲು ಬೀದಿಗಳನ್ನೇ ತೋರಿಸುತ್ತೇವೆ.

ದೆಹಲಿ ಗೇಟ್ ಕೆಂಪೇಗೌಡರು ಕಟ್ಟಿಸಿದ್ದಾ?

ಅಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಆಮೇಲೆ ಊರು ಬಿಜಾಪುರದವರ ಕೈಗೆ, ಅವರಿಂದ ಮೊಘಲರ ಕೈಗೆ ಹೋಯಿತು. ಮೊಘಲರಿಂದ ಚಿಕ್ಕದೇವರಾಜ ಒಡೆಯರು 3 ಲಕ್ಷ ರೂಪಾಯಿಗೆ ಪಡೆದರು. ಕಲ್ಲಿನ ಕೋಟೆ ಕಟ್ಟಿಸಿದವನು ಹೈದರ್ ಅಲಿ, 1761ರಲ್ಲಿ. ದೆಹಲಿ ಗೇಟ್ ಆ ಕಲ್ಲುಕೋಟೆಯ ಬಾಗಿಲು. ನೀವು ಇವತ್ತು ನೋಡುವುದು ಆ ಕೋಟೆಯ ಒಂದು ಚೂರು.

ಕೋಟೆ ಇಷ್ಟೇನಾ? ಉಳಿದದ್ದೆಲ್ಲ ಎಲ್ಲಿ ಹೋಯ್ತು?

ಈ ಪ್ರಶ್ನೆ ಕೇಳದವರೇ ಇಲ್ಲ. ದೆಹಲಿ ಗೇಟಿನಿಂದ ಹೊರಟು ಟಿಪ್ಪು ಅರಮನೆಗೆ ನಡೆದುಕೊಂಡು ಹೋಗಿ. ದಾರಿಯಲ್ಲಿ ಆಸ್ಪತ್ರೆ, ಕಾಲೇಜು, ಬಸ್ಸು, ತಳ್ಳುಗಾಡಿ ಎಲ್ಲ ಸಿಗುತ್ತವೆ. ನೀವು ನಡೆದ ಜಾಗ ಅಷ್ಟೂ ಒಂದು ಕಾಲಕ್ಕೆ ಕೋಟೆಯ ಒಳಗೇ ಇತ್ತು. ಅರಮನೆಯೂ ಒಳಗೆ, ಪಕ್ಕದ ವೆಂಕಟರಮಣ ದೇವಸ್ಥಾನವೂ ಒಳಗೆ.

ಕೋಟೆ ಒಂದೇ ಸಲಕ್ಕೆ ಹೋಗಲಿಲ್ಲ. 1791ರ ಮಾರ್ಚಿನಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನು ಹಿಡಿಯಿತು. ಆಮೇಲೆ ತೋಪು ಹಾರಿಸಿ ಕೋಟೆ ಗೋಡೆಯನ್ನು ಒಡೆದು, ಮಾರ್ಚ್ 21ರ ರಾತ್ರಿ ಒಳಗೆ ನುಗ್ಗಿತು. ಗೋಡೆ ಒಡೆದ ಜಾಗ ಇದು ಅಂತ ಬರೆದ ಕಲ್ಲು ಈಗಲೂ ಇದೆ. ಯುದ್ಧ ಮುಗಿದ ಮೇಲೆ, ಇಂಗ್ಲಿಷರ ತೋಪಿಗೆ ಈ ಕೋಟೆ ತಡೆಯೋದಿಲ್ಲ ಅಂತ ಟಿಪ್ಪುವೇ ಇದನ್ನು ಕೆಡವಿಸಿದ ಎಂದು 1800ರಲ್ಲಿ ನಾಡಿನ ಸಮೀಕ್ಷೆಗೆ ಇಲ್ಲಿಗೆ ಬಂದ ಬುಕಾನನ್ ಬರೆದಿದ್ದಾನೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮತ್ತೆ ದುರಸ್ತಿ ಆಯಿತು. ಅಲ್ಲಿಂದ ಮುಂದೆ ಕೋಟೆಗೆ ಶತ್ರುಗಳಿರಲಿಲ್ಲ. ಆದರೆ ಊರಿಗೆ ಜಾಗ ಬೇಕಿತ್ತು. ರಸ್ತೆಗೆ ಒಂದಿಷ್ಟು, ಶಾಲೆಗೆ ಒಂದಿಷ್ಟು, ಆಸ್ಪತ್ರೆಗೆ ಒಂದಿಷ್ಟು ಅಂತ ಹೋಗುತ್ತಾ ಬಂತು. ವಿಕ್ಟೋರಿಯಾ ಆಸ್ಪತ್ರೆ ಶುರುವಾದದ್ದು 1900ರಲ್ಲಿ, ವಾಣಿ ವಿಲಾಸ 1935ರಲ್ಲಿ. ಬಡವರಿಗೆ ಆಸ್ಪತ್ರೆ ಕಟ್ಟಿದ್ದನ್ನು ತಪ್ಪು ಅನ್ನೋಕೆ ನಮಗೆ ಮನಸ್ಸಿಲ್ಲ. ಆದರೆ ಒಂದು ಸಾಲು ಗೋಡೆಯನ್ನಾದರೂ ಉದ್ದಕ್ಕೆ ಬಿಟ್ಟಿದ್ದರೆ ಕೋಟೆಯ ಅಳತೆ ಕಣ್ಣಿಗೆ ಸಿಗುತ್ತಿತ್ತು.

ಚಿಕ್ಕ ಕೋಟೆಯಲ್ಲಿ ನೋಡೋಕೆ ಏನಿದೆ? ಹತ್ತು ನಿಮಿಷಕ್ಕೆ ಮುಗಿಯುತ್ತಂತೆ.

ಸೆಲ್ಫಿ ತೆಗೆದು ಬಂದರೆ ಐದೇ ನಿಮಿಷ. ಸ್ವಲ್ಪ ನಿಂತು ನೋಡಿ. ಎತ್ತರದ ಬಾಗಿಲಿನ ಮರದ ಮೇಲೆ ಕಬ್ಬಿಣದ ಚೂಪು ಮೊಳೆಗಳಿವೆ. ಆನೆ ಹಣೆಯಿಂದ ಗುದ್ದಬಾರದು ಅಂತ ಹಾಕಿದ್ದು. ಒಳಗೆ ಬಂದ ಕೂಡಲೇ ದಾರಿ ನೇರ ಹೋಗುವುದಿಲ್ಲ, ತಿರುಗುತ್ತದೆ. ನುಗ್ಗಿ ಬಂದವರ ವೇಗ ಅಲ್ಲೇ ಕಡಿಮೆಯಾಗಬೇಕು, ಮೇಲೆ ನಿಂತವರಿಗೆ ಗುರಿ ಇಡೋಕೆ ಸಮಯ ಸಿಗಬೇಕು. ಕಲ್ಲಿನ ಮೇಲೆ ಕಮಲದಂಥ ಕೆತ್ತನೆಗಳಿವೆ, ಒಳಗೊಂದು ಗಣಪತಿ ಗುಡಿ ಇದೆ. ಹೈದರ್ ಕಟ್ಟಿಸಿದ ಕೋಟೆಯಲ್ಲಿ ಗಣಪತಿ ಯಾಕೆ ಅಂತ ಕೇಳುವವರಿದ್ದಾರೆ. ಆ ಕಾಲದ ಸಿಪಾಯಿಗಳಿಗೆ ಅದು ಪ್ರಶ್ನೆಯೇ ಆಗಿರಲಿಕ್ಕಿಲ್ಲ.

ಟಿಪ್ಪು ಅರಮನೆ ಮರದ್ದು ತಾನೇ? ಇನ್ನೂರು ವರ್ಷ ದಾಟಿದರೂ ಹೇಗೆ ನಿಂತಿದೆ?

ಹೈದರ್ 1781ರಲ್ಲಿ ಶುರು ಮಾಡಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಎರಡು ಅಂತಸ್ತು, ತೇಗದ ಕಂಬಗಳು, ಕಮಾನುಗಳು. ಒಳಗೆ ಹೋದಾಗ ಎಲ್ಲರೂ ಮೇಲೆ ನೋಡುತ್ತಾರೆ. ನೀವು ಒಮ್ಮೆ ಕೆಳಗೆ ನೋಡಿ. ಕಂಬದ ಮರ ನೆಲಕ್ಕೆ ತಾಗುವುದಿಲ್ಲ, ಕಲ್ಲಿನ ಪೀಠದ ಮೇಲೆ ಕೂತಿದೆ. ನೆಲದ ತೇವ ಮರಕ್ಕೆ ಏರಬಾರದು, ಗೆದ್ದಲಿಗೆ ದಾರಿ ಸುಲಭ ಆಗಬಾರದು. ಇನ್ನು ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಹುಳ ಬೇಗ ಹಿಡಿಯುವುದಿಲ್ಲ.

ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ಟಿಪ್ಪು ಹೋದ ಮೇಲೂ ಈ ಕಟ್ಟಡ ಖಾಲಿ ಬೀಳಲಿಲ್ಲ. 1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷರ ಕೈಗೆ ಹೋಗಿ, ರಾಜಧಾನಿ ಬೆಂಗಳೂರಿಗೆ ಬಂದಾಗ ಸರ್ಕಾರದ ಕಚೇರಿ ನಡೆದದ್ದು ಇಲ್ಲೇ. 1868ರಲ್ಲಿ ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ) ಎದ್ದಾಗ ಕಡತಗಳೆಲ್ಲ ಅಲ್ಲಿಗೆ ಹೋದವು. ಅಲ್ಲೀತನಕ ಯಾರೋ ಸೂರು ನೋಡಿಕೊಂಡರು, ಸೋರಿದರೆ ಸರಿಪಡಿಸಿದರು. ಬಳಸುವವರಿದ್ದರೆ ಕಟ್ಟಡ ಉಳಿಯುತ್ತದೆ. ಈ ಪುಟದಲ್ಲಿ ಬೇರೇನು ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ.

ವೆಂಕಟರಮಣ ದೇವಸ್ಥಾನದ ಕಂಬ ತೋಪಿನ ಗುಂಡು ತಡೆದು ಟಿಪ್ಪುವನ್ನು ಉಳಿಸಿತಂತೆ, ನಿಜಾನಾ?

ಹಾಗಂತ ಹೇಳುತ್ತಾರೆ. ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು, 1689ರದು. ಅರಮನೆಗೆ ಅಂಟಿಕೊಂಡಂತೆಯೇ ಇದೆ. 1791ರ ಮುತ್ತಿಗೆಯಲ್ಲಿ ಗುಂಡು ಬಂದು ಗರುಡಗಂಬಕ್ಕೆ ಬಡಿಯಿತು, ಟಿಪ್ಪು ಪಾರಾದ ಅನ್ನೋದು ಊರ ಮಾತು. ಕತೆ ಚೆನ್ನಾಗಿದೆ. ಇತಿಹಾಸ ಅಂತ ಮಕ್ಕಳ ಪ್ರಾಜೆಕ್ಟಿನಲ್ಲಿ ಬರೆಸಬೇಡಿ, ಜನ ಹೇಳುವ ಕತೆ ಅಂತ ಬರೆಸಿ.

ಏಷ್ಯಾದಲ್ಲೇ ಮೊದಲು ಕರೆಂಟ್ ಬಂದದ್ದು ಕೆ.ಆರ್. ಮಾರ್ಕೆಟ್‌ಗೆ ಅಲ್ವಾ?

ಅಲ್ಲ. ವಾಟ್ಸಾಪ್‌ನಲ್ಲಿ ಇದು ವರ್ಷಕ್ಕೊಮ್ಮೆಯಾದರೂ ಸುತ್ತುತ್ತದೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದ ಕರೆಂಟಿನಿಂದ. ಅದೇ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. ಕಲ್ಕತ್ತೆಯಲ್ಲಿ 1899ರಲ್ಲೇ ಬಂದಿತ್ತು, ಡಾರ್ಜಿಲಿಂಗ್‌ನಲ್ಲಿ ಅದಕ್ಕೂ ಮೊದಲು. ಇನ್ನು ಮಾರ್ಕೆಟ್ ಕಟ್ಟಡ ಎದ್ದದ್ದೇ 1921ರಲ್ಲಿ. 1905ರಲ್ಲಿ ದೀಪ ಹಚ್ಚೋಕೆ ಆ ಕಟ್ಟಡವೇ ಇರಲಿಲ್ಲ! ಸುಮಾರು ಅರವತ್ತು ಮೈಲಿ ದೂರದ ಜಲಪಾತದ ಕರೆಂಟನ್ನು ಆ ಕಾಲದಲ್ಲೇ ತಂತಿಯಲ್ಲಿ ತಂದದ್ದು ಸಣ್ಣ ಸಾಧನೆಯೇನಲ್ಲ. ಅದಕ್ಕೆ ಸುಳ್ಳಿನ ಗರಿ ಬೇಕಿಲ್ಲ.

ಇಲ್ಲಿ ಯಾವ ಯಾವುದಕ್ಕೆ ಕಾನೂನಿನ ರಕ್ಷಣೆ ಇದೆ?

ಜನ ಅಂದುಕೊಂಡಿರುವುದಕ್ಕಿಂತ ತುಂಬಾ ಕಡಿಮೆಗೆ. ಕೋಟೆ ಮತ್ತು ಟಿಪ್ಪು ಅರಮನೆ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಇವಕ್ಕೆ 1958ರ ಕೇಂದ್ರ ಕಾಯಿದೆ ಅನ್ವಯ. ರಾಜ್ಯಕ್ಕೆ 1961ರ ಬೇರೆ ಕಾಯಿದೆ ಇದೆ. ಅದರ ಪಟ್ಟಿಯನ್ನು ನೋಡಿಕೊಳ್ಳುವುದು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಸರ್ಕಾರಿ ದೇವಸ್ಥಾನಗಳ ಆಡಳಿತ ಮುಜರಾಯಿಯದು. ಮಾರ್ಕೆಟ್ ಪಾಲಿಕೆಯದು.

ಇವೆಲ್ಲ ಬಿಟ್ಟು ಪೇಟೆಯ ಬೀದಿಬೀದಿಯಲ್ಲಿ ಇರುವ ಹಳೇ ಮನೆ, ಮಳಿಗೆ, ಛತ್ರ, ಗರಡಿಮನೆ ಇವೆಯಲ್ಲ, ಅವುಗಳಲ್ಲಿ ಹೆಚ್ಚಿನವು ಮಾಲೀಕರ ಮನಸ್ಸಿನ ಮೇಲೆ ನಿಂತಿವೆ. ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಗಳು ಪಟ್ಟಿ ಮಾಡುತ್ತವೆ, ನಡಿಗೆ ಏರ್ಪಡಿಸುತ್ತವೆ. ಆದರೆ ಸಂಸ್ಥೆಯ ಪಟ್ಟಿಗೆ ಕೆಡವುವ ಕೈಯನ್ನು ತಡೆಯುವ ಅಧಿಕಾರ ಇಲ್ಲ.

ನಮ್ಮ ಮನೆ ಟಿಪ್ಪು ಅರಮನೆಯಿಂದ 100 ಮೀಟರ್ ಒಳಗಿದೆ. ರಿಪೇರಿಯನ್ನೂ ಮಾಡಿಸುವ ಹಾಗಿಲ್ಲವಾ?

ಮಾಡಿಸಬಹುದು, ಆದರೆ ಅನುಮತಿ ತೆಗೆದುಕೊಂಡು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಅರ್ಜಿ ಹಾಕಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವುದಕ್ಕೂ ಅರ್ಜಿ ಹಾಕಬಹುದು. ಅರ್ಜಿ ಸಕ್ಷಮ ಪ್ರಾಧಿಕಾರಿಯ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

"ಪೂರ್ತಿ ಕೆಡವಿ ಅದೇ ಜಾಗದಲ್ಲಿ ಅದೇ ಅಳತೆಗೆ ಕಟ್ಟುತ್ತೇವೆ, ಇದೂ ರಿಪೇರಿ ತಾನೇ?" ಅಂತ ಕೇಳುತ್ತಾರೆ. ಅಲ್ಲ. ಕಾಯಿದೆ ಅದನ್ನು ದುರಸ್ತಿ ಅಂತ ಒಪ್ಪುವುದಿಲ್ಲ.

ಒಂದು ಮಾತು ಹೇಳಲೇಬೇಕು. ಅರಮನೆಯ ಪಕ್ಕದಲ್ಲಿ ಎರಡು ಕೋಣೆಯ ಮನೆ ಇರುವವರಿಗೂ, ಐದು ಅಂತಸ್ತು ಎಬ್ಬಿಸಬೇಕು ಅನ್ನುವವರಿಗೂ ಕಾಗದಪತ್ರದ ಗೋಳು ಒಂದೇ. ಸೋರುವ ಸೂರಿಗೆ ಅನುಮತಿ ಬೇಗ ಸಿಗದಿದ್ದರೆ ಜನ ರಾತ್ರಿ ಹೊತ್ತು ಕೆಲಸ ಮಾಡಿಸುತ್ತಾರೆ. ಆಗ ಹಳೇ ಊರಿಗೂ ನಷ್ಟ, ಅವರಿಗೂ ನಷ್ಟ.

ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ಹಳೇ ಮನೆಯನ್ನು ಯಾಕೆ ಉಳಿಸಬೇಕು? ಲಾಭ ಏನು?

ಪ್ರಾಮಾಣಿಕವಾಗಿ ಹೇಳುವುದಾದರೆ ದುಡ್ಡಿನ ಲೆಕ್ಕದಲ್ಲಿ ಕೆಡವಿದವರಿಗೇ ಜಾಸ್ತಿ ಸಿಗುತ್ತದೆ. ಚಿಕ್ಕಪೇಟೆಯಲ್ಲಿ ಒಂದು ಅಂಗಡಿ ಜಾಗಕ್ಕೆ ಇರುವ ಬೆಲೆ ನಿಮಗೇ ಗೊತ್ತು. ಅದರ ಮೇಲೆ ಅಣ್ಣತಮ್ಮಂದಿರ ಪಾಲು, ಅಜ್ಜನ ಕಾಲದ ಬಾಡಿಗೆಗೆ ಕೂತ ಬಾಡಿಗೆದಾರರು, ಕೋರ್ಟಿನಲ್ಲಿ ಕೇಸು. ಇಂಥ ಮನೆಯನ್ನು ಉಳಿಸಿ ಅಂತ ಹೊರಗಿನಿಂದ ಬಂದವರು ಉಪದೇಶ ಮಾಡುವುದು ಸುಲಭ. ಮಾಲೀಕರಿಗೆ ತೆರಿಗೆಯಲ್ಲಿ ರಿಯಾಯಿತಿ, ರಿಪೇರಿಗೆ ಸಾಲ, ಕಟ್ಟದೆ ಬಿಟ್ಟ ಎತ್ತರಕ್ಕೆ ಪರಿಹಾರ ಇವನ್ನೆಲ್ಲ ಕೈಗೆ ಸಿಗುವ ಹಾಗೆ ಕೊಡದೆ, "ಪರಂಪರೆ" ಅಂತ ಬೋರ್ಡ್ ಹಾಕಿದರೆ ಅದು ಮಾಲೀಕರಿಗೆ ಶಿಕ್ಷೆ ಮಾತ್ರ.

ಹಾಗಿದ್ದರೂ ಮಧ್ಯದ ದಾರಿಗಳಿವೆ. ಹಿಂದಿನ ಭಾಗವನ್ನು ಹೊಸದಾಗಿ ಕಟ್ಟಿ ಮುಂದಿನ ಜಗುಲಿ, ಕಂಬ, ಬಾಲ್ಕನಿ ಉಳಿಸಿಕೊಂಡವರಿದ್ದಾರೆ. ಕೆಳಗೆ ಅಂಗಡಿ, ಮೇಲೆ ಮನೆ ಅನ್ನುವ ಹಳೇ ಪದ್ಧತಿ ಈಗಲೂ ಬಾಡಿಗೆ ತರುತ್ತದೆ. ಅವೆನ್ಯೂ ರಸ್ತೆಯಲ್ಲಿ ನಡೆಯುವಾಗ ಫ್ಲೆಕ್ಸ್ ಬೋರ್ಡಿನ ಮೇಲಕ್ಕೆ ಕಣ್ಣು ಹಾಯಿಸಿ. ಕೆಲವು ಕಡೆ ತಾರಸಿಯ ಅಂಚಿನಲ್ಲಿ ಗಾರೆಯಲ್ಲೇ ಎತ್ತಿದ ಹೂಬಳ್ಳಿ ಕಾಣುತ್ತದೆ. ಅಂಥ ಕಡೆ ಬೋರ್ಡನ್ನು ಎರಡು ಅಡಿ ಕೆಳಗೆ ಇಳಿಸಿದರೆ ಸಾಕು, ಒಂದು ರೂಪಾಯಿ ವ್ಯಾಪಾರವೂ ಕಡಿಮೆ ಆಗುವುದಿಲ್ಲ.

ಗೋಡೆಯ ಹಳೇ ಗಾರೆ ಉದುರುತ್ತಿದೆ. ಸಿಮೆಂಟ್ ಮಾಡಿಸಿಬಿಟ್ಟರೆ ಗಟ್ಟಿ ಆಗುತ್ತೆ ಅಲ್ವಾ?

ದಯವಿಟ್ಟು ಬೇಡ. ಹಳೇ ಮನೆಗಳನ್ನು ಮಳೆ ಹಾಳು ಮಾಡಿದ್ದಕ್ಕಿಂತ ಸಿಮೆಂಟ್ ಹಾಳು ಮಾಡಿದ್ದು ಜಾಸ್ತಿ ಅನ್ನೋದು ನಮ್ಮ ಅಭಿಪ್ರಾಯ.

ಹಳೇ ಗೋಡೆ ಮಣ್ಣು, ಸುಟ್ಟ ಇಟ್ಟಿಗೆ, ಸುಣ್ಣದ್ದು. ಅದು ತೇವ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಇದಕ್ಕೆ ಹೊಂದುತ್ತದೆ. ಸಿಮೆಂಟ್ ಹೊಂದುವುದಿಲ್ಲ. ಬೇಸಿಗೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಓಡಿದ ಹಾಗೆ, ನೀರು ಒಳಗೇ ಉಳಿಯುತ್ತದೆ. ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗಲು ದಾರಿ ಸಿಗದೆ ಇಟ್ಟಿಗೆ ಒಳಗೇ ಪುಡಿಯಾಗುತ್ತದೆ, ಬಿಳಿ ಉಪ್ಪು ಮೇಲೆ ಏಳುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ಸಿಮೆಂಟಿನ ಪದರ ಹಪ್ಪಳದಂತೆ ಎದ್ದು ಬರುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ ಅಂತ ಅರ್ಥ.

ಹಿಂದೆ ಗಾರೆ ಮಾಡುತ್ತಿದ್ದ ರೀತಿ ಹೀಗೆ: ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ ದಿನಗಟ್ಟಲೆ ಕೊಳೆಹಾಕುತ್ತಿದ್ದರು. ಆಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವುದೂ ಇತ್ತು. ಈ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅವಸರಕ್ಕೆ ಆಗುವ ಕೆಲಸ ಅಲ್ಲ. ತೆಳ್ಳಗೆ ಬಳಿಯಬೇಕು, ಒಣಗುವ ತನಕ ಕಾಯಬೇಕು, ಆಮೇಲೆ ಮುಂದಿನ ಪದರ. ಮಳೆಗಾಲದಲ್ಲಿ ಶುರು ಮಾಡಿಸಲೇಬೇಡಿ.

ಈ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆ ಆಗಿದ್ದಾರೆ, ಪೂರ್ತಿ ಇಲ್ಲವಾಗಿಲ್ಲ. ಸಿಕ್ಕವರಿಗೆ ಮೊದಲು ಕಾಣದ ಮೂಲೆಯಲ್ಲಿ ಒಂದು ಚದರ ಅಡಿ ಮಾಡಿ ತೋರಿಸಲು ಹೇಳಿ. ಹಾಗೇ ಮೇಲೆ ಆಯಿಲ್ ಪೇಂಟ್ ಬೇಡ, ಸುಣ್ಣವನ್ನೇ ಬಳಿಸಿ. ಒಳ್ಳೇ ಗಾರೆ ಹಾಕಿ ಪ್ಲಾಸ್ಟಿಕ್ ಪೇಂಟ್ ಬಳಿದರೆ ಪಟ್ಟ ಶ್ರಮವೆಲ್ಲ ದಂಡ.

ಗೋಡೆ ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿದೆ. ಕಿತ್ತರೆ ಪಾಪ ಬರುತ್ತಾ?

ಪಾಪಪುಣ್ಯ ನಮಗೆ ಗೊತ್ತಿಲ್ಲ. ಎರಡು ಎಲೆ ಇದ್ದಾಗ ಬೇರುಸಮೇತ ತೆಗೆದು ಕುಂಡದಲ್ಲಿ ನೆಟ್ಟರೆ ಗಿಡವೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಬೆಳೆದ ಮೇಲೆ ಬರೀ ಕೊಂಬೆ ಕಡಿದರೆ ಬೇರು ಇನ್ನಷ್ಟು ದಪ್ಪ ಆಗುತ್ತದೆ. ಎಳೆದು ಕೀಳಲು ಹೋದರೆ ಇಟ್ಟಿಗೆಯೇ ಬರುತ್ತದೆ. ಗಿಡ ಹುಟ್ಟಿದೆ ಅಂದರೆ ಅಲ್ಲಿ ನೀರಿದೆ. ಮೇಲಿನ ಪೈಪ್ ಸೋರುತ್ತಿದೆಯಾ ಮೊದಲು ನೋಡಿ.

ಈ ಸಣ್ಣ ವಿಷಯಗಳನ್ನು ಕಡೆಗಣಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಮೈಸೂರನ್ನು ನೋಡಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಆಮೇಲೆ ಕೆಡವಬೇಕಾ, ಉಳಿಸಬೇಕಾ ಅಂತ ವರ್ಷಗಟ್ಟಲೆ ಜಗಳ. ತಾರಸಿಯ ನೀರು ಹೋಗುವ ಕೊಳವೆಯನ್ನು ಮಳೆಗೆ ಮೊದಲು ಶುಚಿ ಮಾಡಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ ಹೇಳಿ.

ನಮ್ಮ ಬೀದಿಯ ದೇವಸ್ಥಾನಕ್ಕೆ ಭಕ್ತರು ಸೇರಿ ಬಣ್ಣ ಹಚ್ಚಿಸಿ, ನೆಲಕ್ಕೆ ಟೈಲ್ಸ್ ಹಾಕಿಸಿದ್ದಾರೆ. ಇದು ಸೇವೆ ಅಲ್ವಾ?

ಸೇವೆಯ ಮನಸ್ಸಿನ ಬಗ್ಗೆ ಅನುಮಾನ ಇಲ್ಲ. ಆದರೆ ಕಲ್ಲುಕಂಬದ ಮೇಲೆ ಎನಾಮೆಲ್ ಪೇಂಟ್ ಬಿದ್ದರೆ ಕೆತ್ತನೆಯ ಸೂಕ್ಷ್ಮ ಮುಚ್ಚಿಹೋಗುತ್ತದೆ, ಶಾಸನದ ಅಕ್ಷರವೂ ಮುಚ್ಚಿಹೋಗುತ್ತದೆ. ಅದನ್ನು ತೆಗೆಯಲು ಮರಳು ಸಿಡಿಸುವ ಯಂತ್ರ ತಂದರೆ ಇನ್ನೂ ಅನಾಹುತ. ಪೇಂಟ್ ಜೊತೆ ಕಲ್ಲಿನ ಮೈಯೂ ಹೋಗುತ್ತದೆ. ಗುಡಿಗೆ ಏನಾದರೂ ಮಾಡಿಸಲೇಬೇಕು ಅನ್ನುವವರಿಗೆ ನಾವು ಹೇಳುವುದು: ವಿದ್ಯುತ್ ವೈರಿಂಗ್ ಹೊಸದು ಮಾಡಿಸಿ, ಸೋರುವ ಸೂರು ಸರಿ ಮಾಡಿಸಿ. ದಾನಿಗಳ ಹೆಸರು ಬರೆಸಲು ಅಲ್ಲಿ ಜಾಗ ಸಿಗೋದಿಲ್ಲ, ಅದೊಂದೇ ತೊಂದರೆ.

ಕರಗ ಉತ್ಸವಕ್ಕೂ ಕಟ್ಟಡ ಉಳಿಸುವುದಕ್ಕೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ಮಲ್ಲಿಗೆಯ ಕರಗ ಹೊರಡುತ್ತದೆ. ಮುಂದೆ ಕತ್ತಿ ಹಿಡಿದ ವೀರಕುಮಾರರು. ಪೇಟೆಯ ಗುಡಿಗಳನ್ನು ಮುಟ್ಟಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತದೆ. ಕರಗ ಹೊತ್ತವರ ಹೆಜ್ಜೆಗೆ ಬೀದಿ ಬೇಕು, ಅದು ಕೂಡುವ ಮೂಲೆಗಳು ಬೇಕು, ಜಗುಲಿಯಲ್ಲಿ ಕಾದು ಕೂರುವ ಜನ ಬೇಕು. ಸಂಪಂಗಿ ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಬಂದ ಮೇಲೂ, ಅಲ್ಲಿ ಉಳಿದಿರುವ ಸಣ್ಣ ನೀರಿನ ಜಾಗವನ್ನು ಹುಡುಕಿಕೊಂಡು ಹೋಗಿ ವಿಧಿ ಮಾಡುವ ಜನ ಇವರು. ಹಳೇ ಬೆಂಗಳೂರಿನ ನಕ್ಷೆ ಬೇಕಾದವರು ಈ ದಾರಿಯಲ್ಲಿ ಒಂದು ರಾತ್ರಿ ನಡೆಯಲಿ.

ಸಗಟು ಅಂಗಡಿಗಳನ್ನೆಲ್ಲ ಊರಾಚೆ ಸಾಗಿಸಿದರೆ ಪೇಟೆ ಸ್ವಚ್ಛವಾಗಿ ಉಳಿಯುತ್ತೆ ಅಲ್ವಾ?

ಸ್ವಚ್ಛವಾಗಬಹುದು. ಪೇಟೆಯಾಗಿ ಉಳಿಯುವುದಿಲ್ಲ. ಚಿಕ್ಕಪೇಟೆಯ ರೇಷ್ಮೆ ಸೀರೆ, ರಾಜಾ ಮಾರ್ಕೆಟ್‌ನ ಬೆಳ್ಳಿಬಂಗಾರ, ಅವೆನ್ಯೂ ರಸ್ತೆಯ ಪುಸ್ತಕ, ಎಸ್.ಪಿ. ರಸ್ತೆಯ ಬಿಡಿಭಾಗ, ಮಾರ್ಕೆಟ್‌ನ ಹೂವು ಇವೆಲ್ಲ ಹೋದರೆ ಉಳಿಯುವುದು ಕೆಫೆ ಮತ್ತು ಗೋಡೆಚಿತ್ರ. ಹೋಗಬೇಕಾದದ್ದು ಬೇರೆ: ಮಹಡಿಯಲ್ಲಿ ತುಂಬಿಟ್ಟ ಪ್ಲಾಸ್ಟಿಕ್ ರಾಶಿ, ಜೋತಾಡುವ ವೈರು, ಹಗಲಿನ ಲಾರಿ. ಮರದ ತೊಲೆಯ ಕಟ್ಟಡಕ್ಕೆ ಬೆಂಕಿ ಬಿದ್ದರೆ ಆ ಗಲ್ಲಿಗೆ ಅಗ್ನಿಶಾಮಕ ಗಾಡಿ ಹೋಗುವುದು ಹೇಗೆ?

ಪಾಯ ತೋಡುವಾಗ ಹಳೇ ಕಲ್ಲು, ನಾಣ್ಯ ಸಿಕ್ಕರೆ ಏನು ಮಾಡಬೇಕು? ಕಟ್ಟಡ ನಿಲ್ಲಿಸಿಬಿಡುತ್ತಾರೆ ಅಂತ ಭಯ.

ಆ ಭಯದಿಂದಲೇ ಎಷ್ಟೋ ಕಲ್ಲು ಕಾಂಕ್ರೀಟ್ ಒಳಗೆ ಸೇರಿವೆ. ಇದಕ್ಕೆ ರಾಜ್ಯದ 1962ರ ನಿಧಿ ಕಾಯಿದೆ ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 2012ರಲ್ಲಿ ಕೋಟೆಯ ಹತ್ತಿರ ಮೆಟ್ರೋಗಾಗಿ ಅಗೆಯುವಾಗ ಹಳೇ ತೋಪುಗಳು ಸಿಕ್ಕವು. ತೋಪು ಹೊರಗೆ ಬಂತು, ಮೆಟ್ರೋ ಕೆಲಸವೂ ಮುಗಿಯಿತು. ಅಕ್ಷರ ಇರುವ ಕಲ್ಲಾದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ತಿಳಿಸಿ. ಬೆಂಗಳೂರಿನ ಶಾಸನಗಳನ್ನು ಅವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದ್ದಾರೆ. ಅಕ್ಷರ ಕಾಣಲಿ ಅಂತ ನೀವೇ ಉಜ್ಜಬೇಡಿ, ಸೀಮೆಸುಣ್ಣ ತುಂಬಬೇಡಿ. ಹಾಗೇ ನೆರಳಿನಲ್ಲಿ ಇಟ್ಟು ಫೋಟೊ ತೆಗೆಯಿರಿ.

ಪೇಟೆ ನೋಡಲು ಯಾವಾಗ ಬರಬೇಕು?

ಬೆಳಿಗ್ಗೆ ಬೇಗ. ಮಾರ್ಕೆಟ್‌ನ ಹೂವಿನ ವ್ಯಾಪಾರ ಜೋರಾಗಿರುವಾಗ ಶುರು ಮಾಡಿ, ಬಳೇಪೇಟೆ ಕಡೆ ತಿಂಡಿ ತಿಂದು, ಕೋಟೆ, ಅರಮನೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿಗೆ ಹೋಗಿ. ಕಾರು ತರಬೇಡಿ. ಚಿಕ್ಕಪೇಟೆ ಮತ್ತು ಮಾರ್ಕೆಟ್ ಎರಡೂ ಕಡೆ ಹಸಿರು ಮಾರ್ಗದ ಮೆಟ್ರೋ ನಿಲ್ಲುತ್ತದೆ. ಹಳೇ ಚಪ್ಪಲಿ ಹಾಕಿಕೊಳ್ಳಿ, ಹೂವಿನ ಅಂಗಡಿ ಸಾಲಿನಲ್ಲಿ ನೆಲ ಯಾವಾಗಲೂ ಒದ್ದೆ. ಮೂಟೆ ಹೊತ್ತವರು "ಸೈಡ್, ಸೈಡ್" ಅಂದರೆ ಕೂಡಲೇ ಗೋಡೆಗೆ ಸರಿಯಿರಿ, ಅವರು ನಿಲ್ಲುವುದಿಲ್ಲ.